ಪಶ್ಚಿಮ ದಿಕ್ಕು



ರಾಜಗೃಹದಲ್ಲಿ ಸಿಗಾಲನೆಂಬ ಗೃಹಸ್ಥನ ಮಗ ಒದ್ದೆ ಬಟ್ಟೆಯಲ್ಲೇ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ. ಸಾಯುವಾಗ ತಂದೆ ಹೇಳಿದ್ದ ಮಾತದು. ಬುದ್ಧರು ಆ ದಿಕ್ಕುಗಳಲ್ಲಿ ಮನುಷ್ಯರನ್ನು ತೋರಿಸಿದರು: ಪೂರ್ವ ತಂದೆತಾಯಿ, ಪಶ್ಚಿಮ ಹೆಂಡತಿ ಮಕ್ಕಳು. ದೀಘನಿಕಾಯದ ಸಿಗಾಲ ಸುತ್ತದಲ್ಲಿದೆ.

ಗಂಡನಿಗೆ ಅಲ್ಲಿ ಐದು ಕರ್ತವ್ಯ. ನಾಲ್ಕನೆಯದು, ಹೆಂಡತಿಗೆ ಅಧಿಕಾರ ಒಪ್ಪಿಸುವುದು. ನಮ್ಮ ಕಾಳಗಿ ಕಡೆ ಒಲೆಯ ಅಧಿಕಾರ ಎಂದೋ ಒಪ್ಪಿಸಿದ್ದೇವೆ. ತೊಗರಿ ಮಾರಿದ ದುಡ್ಡಿನದು? ಹೋದ ವರ್ಷ ಅಡತಿ ಅಂಗಡಿಯ ಪಟ್ಟಿಯನ್ನು ನಾನು ಮನೆಯಲ್ಲಿ ತೋರಿಸಲಿಲ್ಲ. ಕೇಳಿದ್ದಕ್ಕೆ "ನಿನಗೇನ್ ತಿಳೀತದ" ಅಂದೆ. ಎರಡನೆಯ ಕರ್ತವ್ಯ, ಅವಮಾನಿಸದಿರುವುದು, ಅಲ್ಲೇ ಮುರಿಯಿತು. ಮಗಳು ಎದುರಿಗೇ ಕುಳಿತಿದ್ದಳು.

ಇಂದು ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು, ಮನೆಯವರ ಮುಂದೆ ಲೆಕ್ಕದ ಪುಸ್ತಕ ಬಿಚ್ಚೋಣ. ಆಮೇಲೆ ಮಕ್ಕಳೊಂದಿಗೆ ಒಂದಾಟ ಚೌಕಾಬಾರ.

ಜೈ ಭೀಮ್.