ಚಿತ್ರದೊಳಗಿನ ಪದರಗಳು

ಚಿತ್ರದುರ್ಗದ ಕೋಟೆಯನ್ನು ಒಂದೇ ಛಾಯಾಚಿತ್ರದಲ್ಲಿ ಪೂರ್ಣವಾಗಿ ಹಿಡಿದಿಡುವುದು ಸಾಧ್ಯವಿಲ್ಲ. ಅದನ್ನು ಏಳು ಸುತ್ತಿನ ಕೋಟೆಯೆಂದು ಕರೆಯುವುದು ವಾಡಿಕೆ. ಆದರೆ ಆ ಏಳು ಸುತ್ತುಗಳು ತಟ್ಟೆಯೊಳಗೆ ತಟ್ಟೆಯನ್ನಿಟ್ಟಂತೆ ಸಮತಲದಲ್ಲಿ ಹರಡಿಕೊಂಡಿಲ್ಲ. ಹೆಬ್ಬಂಡೆಗಳನ್ನೇ ಆಸರೆಯಾಗಿ ಮಾಡಿಕೊಂಡು, ಗುಡ್ಡದಿಂದ ಗುಡ್ಡಕ್ಕೆ ಏರಿಳಿಯುತ್ತ, ಒಂದು ಗೋಡೆ ಇನ್ನೊಂದರ ಬೆನ್ನ ಹಿಂದೆ ಮರೆಯಾಗುತ್ತ ಅವು ಸಾಗುತ್ತವೆ. ಮೊದಲ ಬಾಗಿಲಲ್ಲಿ ನಿಂತವನಿಗೆ ಒನಕೆ ಓಬವ್ವನ ಕಿಂಡಿ ಕಾಣದು. ಕಿಂಡಿಯ ಬಳಿ ನಿಂತವನಿಗೆ ಗೋಪಾಲಸ್ವಾಮಿ ಹೊಂಡ ಕಾಣದು. ಶತ್ರುವಿನ ಕಣ್ಣಿಗೆ ಬೀಳಬಾರದೆಂದೇ ಕಟ್ಟಿದ ಕೋಟೆ ಕ್ಯಾಮೆರಾದ ಕಣ್ಣಿಗೂ ಸುಲಭವಾಗಿ ಸಿಕ್ಕುವುದಿಲ್ಲವೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಆಕಾಶದಿಂದ ತೆಗೆದ ಚಿತ್ರವು ಸುತ್ತುಗಳ ರೇಖೆಗಳನ್ನೇನೋ ತೋರಿಸೀತು. ಆದರೆ ಗೋಡೆಗಳ ಎತ್ತರವನ್ನು ಅದು ನುಂಗಿಬಿಡುತ್ತದೆ.

ಕೋಟೆಯನ್ನು ಎಂದೂ ನೋಡದ ವಿದ್ಯಾರ್ಥಿಗಳ ಮುಂದೆ ಕತ್ತಲು ಮಾಡಿದ ಕೊಠಡಿಯಲ್ಲಿ, ಹತ್ತು ನಿಮಿಷಗಳ ಸ್ಲೈಡ್ ಪ್ರದರ್ಶನದಲ್ಲಿ ಅದನ್ನು ಪರಿಚಯಿಸಬೇಕಾದರೆ ಏನು ಮಾಡಬೇಕು? ಬೇರೆ ಬೇರೆ ಸ್ಥಳಗಳಿಂದ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ಬೇಕಾದ ಭಾಗವನ್ನು ಉಳಿಸಿ, ಬೇಡವಾದುದನ್ನು ಮರೆಮಾಡಿ, ಒಂದೇ ಹೊಸ ಚಿತ್ರವನ್ನು ರಚಿಸುವ ವಿಧಾನವೊಂದುಂಟು. ಇಂತಹ ಜೋಡಣೆಯ ಚಿತ್ರಕ್ಕೆ ಕೊಲಾಜ್ ಎಂದು ಹೆಸರು. ಅಂಟಿಸುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಈ ಹೆಸರು ಹುಟ್ಟಿತು. 1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಎಂಬ ಕಲಾವಿದರು ಗೋಡೆಗೆ ಹಚ್ಚುವ ಕಾಗದ, ವೃತ್ತಪತ್ರಿಕೆಯ ಚೂರು ಮುಂತಾದುವನ್ನು ತಮ್ಮ ಚಿತ್ರಗಳ ಮೇಲೆ ಅಂಟಿಸಿದಂದಿನಿಂದ ಅದು ಕಲೆಯ ಒಂದು ಪ್ರಕಾರವಾಗಿ ಪ್ರಸಿದ್ಧವಾಯಿತು.

ಛಾಯಾಗ್ರಾಹಕರು ಮಾತ್ರ ಈ ಕೆಲಸವನ್ನು ಅದಕ್ಕಿಂತ ಅರ್ಧ ಶತಮಾನದಷ್ಟು ಮೊದಲೇ ಮಾಡಿದ್ದರು. ಅಂದಿನ ಗಾಜಿನ ಫಲಕಗಳ ಮೇಲೆ ಲೇಪಿಸುತ್ತಿದ್ದ ರಾಸಾಯನಿಕವು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ನೆಲವು ಚೆನ್ನಾಗಿ ಮೂಡಿದರೆ ಆಕಾಶವು ಬರಿಯ ಬಿಳುಪಾಗಿ ಉಳಿಯುತ್ತಿತ್ತು. ಮೋಡಗಳು ಮೂಡಿದರೆ ನೆಲವು ಕಪ್ಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೆ 1850ರ ದಶಕದಲ್ಲಿ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದನು. 1857ರಲ್ಲಿ ರೆಯ್ಲಾಂಡರ್ ಎಂಬವನು ಇಂಗ್ಲೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಸಿ ಒಂದು ದೊಡ್ಡ ಚಿತ್ರವನ್ನು ರಚಿಸಿದನು. ಅದರ ಪ್ರತಿಯೊಂದನ್ನು ವಿಕ್ಟೋರಿಯಾ ರಾಣಿ ಕೊಂಡಳು. ಮರುವರ್ಷ ರಾಬಿನ್ಸನ್ ಎಂಬವನು ಐದು ನೆಗೆಟಿವ್‌ಗಳಿಂದ, ಮರಣಶಯ್ಯೆಯಲ್ಲಿರುವ ತರುಣಿಯ ಚಿತ್ರವನ್ನು ಹೊರತಂದಾಗ ಸ್ವಾಗತ ಬೇರೆ ಬಗೆಯದಾಗಿತ್ತು. ಒಂದು ಕುಟುಂಬದ ದುಃಖದ ಗಳಿಗೆಗೆ ಕ್ಯಾಮೆರಾ ಹಿಡಿಯುವುದು ಅನುಚಿತವೆಂದು ನೋಡಿದವರು ಆಕ್ಷೇಪಿಸಿದರು. ಅಲ್ಲಿ ಯಾರೂ ಸಾಯುತ್ತಿರಲಿಲ್ಲ, ಎಲ್ಲರೂ ಅಭಿನಯಿಸುತ್ತಿದ್ದರು. ಬಣ್ಣದ ಚಿತ್ರವನ್ನು ಕಲ್ಪನೆಯೆಂದು ಒಪ್ಪುವ ಜನ ಛಾಯಾಚಿತ್ರವನ್ನು ಸಾಕ್ಷಿಯೆಂದು ನಂಬುತ್ತಾರೆಂಬುದು ಆಗಲೇ ಗೊತ್ತಾಯಿತು. ಪದರ ಚಿತ್ರವನ್ನು ರಚಿಸುವವನ ಬಲವೂ ಅದೇ, ಹೊಣೆಯೂ ಅದೇ.

ಇನ್ನು ಬೆಳಕಿನಿಂದ ಪರದೆಯ ಮೇಲೆ ಚಿತ್ರ ತೋರಿಸುವ ಕಲೆಯ ವಿಷಯ. ನಮ್ಮ ನಾಡಿಗೆ ಅದು ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿ ಹದಮಾಡಿದ ತೊಗಲಿನ ಮೂಲಕ ದೀಪದ ಬೆಳಕು ಹಾಯ್ದು ಬಿಳಿಯ ಪರದೆಯ ಮೇಲೆ ಬಣ್ಣದ ಆಕೃತಿ ಮೂಡುತ್ತದೆ. ಪರದೆಗೆ ಒತ್ತಿ ಹಿಡಿದ ಗೊಂಬೆ ಸ್ಪಷ್ಟವಾಗಿಯೂ ಹಿಂದಕ್ಕೆ ಸರಿಸಿದ ಗೊಂಬೆ ಮಸುಕಾಗಿಯೂ ಕಾಣುವುದನ್ನು ಬಲ್ಲ ಕಲಾವಿದನು, ಹತ್ತಿರ ಮತ್ತು ದೂರಗಳ ಭಾವವನ್ನು ಅದರಿಂದಲೇ ಹುಟ್ಟಿಸುತ್ತಾನೆ. ಯೂರೋಪಿನಲ್ಲಿ 1659ರ ಸುಮಾರಿಗೆ ಹೈಗೆನ್ಸ್ ಎಂಬ ವಿಜ್ಞಾನಿ ಮಾಯಾದೀಪವನ್ನು ರೂಪಿಸಿದನು. 1892ರಲ್ಲಿ ಮುಂಬಯಿಯ ಬಳಿಯ ಕಲ್ಯಾಣದ ಮಹಾದೇವ ಪಟವರ್ಧನರು ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರಗಳನ್ನು ಅಂತಹ ದೀಪಗಳ ಮೂಲಕ ತೋರಿಸಿ, ಒಂದು ಚಿತ್ರ ಕರಗುತ್ತಿರುವಾಗಲೇ ಇನ್ನೊಂದು ಮೂಡುವಂತೆ ಮಾಡಿ ಪುರಾಣದ ಕತೆಗಳಿಗೆ ಚಲನೆಯನ್ನು ತಂದರು. ಇಪ್ಪತ್ತನೆಯ ಶತಮಾನದಲ್ಲಿ ಗಾಜಿನ ಸ್ಥಾನಕ್ಕೆ ಫಿಲ್ಮಿನ ಸ್ಲೈಡ್ ಬಂದಿತು. ಕೊಡಾಕ್ ಸಂಸ್ಥೆ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆಯನ್ನು ನಿಲ್ಲಿಸಿತು. ಈಗ ಗಣಕಯಂತ್ರವೇ ಸ್ಲೈಡುಗಳ ಪೆಟ್ಟಿಗೆಯಾಗಿದೆ.

ಗಣಕಯಂತ್ರದಲ್ಲಿ ಪದರವೆಂದರೇನೆಂಬುದನ್ನು ತಿಳಿಯಲು ಒಂದು ಚಿತ್ರದ ಮೇಲೆ ಗಾಜಿನ ಹಾಳೆಗಳನ್ನು ಹರಡಿದಂತೆ ಊಹಿಸಿಕೊಳ್ಳಬೇಕು. ಪ್ರತಿಯೊಂದು ಹಾಳೆಯ ಮೇಲೂ ಬೇರೆ ಬೇರೆ ಚಿತ್ರವಿದ್ದು, ಒಂದನ್ನು ಕದಲಿಸಿದರೆ ಉಳಿದವು ಕದಲುವುದಿಲ್ಲ. ಫೋಟೋಶಾಪ್ ತಂತ್ರಾಂಶದಲ್ಲಿ ಈ ಸೌಲಭ್ಯ 1994ರಲ್ಲಿ ಸೇರಿತು; ಬೆಲೆಯಿಲ್ಲದೆ ದೊರೆಯುವ ಗಿಂಪ್ ಎಂಬ ತಂತ್ರಾಂಶದಲ್ಲಿಯೂ ಅದಿದೆ. ಪ್ರತಿ ಪದರಕ್ಕೂ ಒಂದು ಮುಸುಕನ್ನು ತೊಡಿಸಬಹುದು. ಮುಸುಕಿನಲ್ಲಿ ಕಪ್ಪು ಬಳಿದ ಕಡೆ ಆ ಪದರ ಅಡಗುತ್ತದೆ, ಬಿಳಿಯ ಕಡೆ ಕಾಣುತ್ತದೆ, ಬೂದುಬಣ್ಣದ ಕಡೆ ಅರೆಬರೆಯಾಗಿ ತೋರುತ್ತದೆ. ಅಂಚುಗಳನ್ನು ಕತ್ತರಿಯಿಂದ ಕತ್ತರಿಸಿದಂತೆ ಬಿಡದೆ, ಬೂದುಬಣ್ಣದಲ್ಲಿ ಮೆಲ್ಲನೆ ಕರಗಿಸಿದರೆ ಎರಡು ಚಿತ್ರಗಳ ಸೇರುವೆ ಕಣ್ಣಿಗೆ ಹೊಡೆಯುವುದಿಲ್ಲ.

ಪದರಗಳ ವಿಚಾರದಲ್ಲಿ ಚಿತ್ರದುರ್ಗದವರಿಗೆ ಮನೆಯ ಬಾಗಿಲಲ್ಲೇ ಒಂದು ಪಾಠಶಾಲೆಯುಂಟು. ಕೋಟೆಯ ಬೆಟ್ಟಗಳ ಪಕ್ಕದ ಚಂದ್ರವಳ್ಳಿಯಲ್ಲಿ ಮೈಸೂರು ಸಂಸ್ಥಾನದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಮತ್ತೆ ಅಗೆಸಿದರು. ಗುಂಡಿಯ ಗೋಡೆಯನ್ನು ನೇರವಾಗಿ ಕೆತ್ತಿಸಿ, ಮಣ್ಣಿನ ಬಣ್ಣ ಮತ್ತು ಹದ ಬದಲಾಗುವ ಪ್ರತಿಯೊಂದು ಪದರವನ್ನೂ ಗುರುತಿಸಿ ಸಂಖ್ಯೆ ಹಾಕುವುದು ವೀಲರ್ ಅವರ ಪದ್ಧತಿಯಾಗಿತ್ತು. ಶಾತವಾಹನರ ಕಾಲದ ನಾಣ್ಯಗಳೂ ರೋಮಿನ ಚಕ್ರವರ್ತಿ ತೈಬೀರಿಯಸನ ಬೆಳ್ಳಿಯ ನಾಣ್ಯವೂ ಚಂದ್ರವಳ್ಳಿಯಲ್ಲಿ ದೊರೆತಿವೆ. ಆದರೆ ಯಾವ ವಸ್ತು ಯಾವ ಪದರದಲ್ಲಿತ್ತೆಂದು ಬರೆದಿಡದಿದ್ದರೆ ನಾಣ್ಯವು ಬರಿಯ ಲೋಹದ ಬಿಲ್ಲೆಯಾಗಿ ಉಳಿಯುತ್ತದೆ. ಅಗೆಯುವವನು ಒಮ್ಮೆ ತೆಗೆದ ಪದರವನ್ನು ಮತ್ತೆ ಮೊದಲಿನಂತೆ ಹಾಸಲಾರ. ಚಿತ್ರ ಜೋಡಿಸುವವನು ಹಾಸಬಲ್ಲ; ಅಷ್ಟರ ಮಟ್ಟಿಗೆ ಅವನು ಅದೃಷ್ಟವಂತ.

ಈಗ ಒಂದು ಚಿತ್ರವನ್ನು ಮೊದಲಿನಿಂದ ರಚಿಸುವ ಕ್ರಮವನ್ನು ನೋಡಬಹುದು. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ, ಎರಡು ಬೆಟ್ಟಗಳ ನಡುವೆ ಕಟ್ಟಿದ ಮಾರಿ ಕಣಿವೆಯ ಅಣೆಕಟ್ಟಿದೆ. ಅದರ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ವಾಣೀವಿಲಾಸ ಸಾಗರವೆಂಬ ಹೆಸರು ಪಡೆದ ಆ ಜಲಾಶಯವು 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಅನಂತರ. ನಡುವಣ ಬರಗಾಲಗಳಲ್ಲಿ ನೀರು ತಳ ಕಂಡದ್ದೂ ಉಂಟು. ಅಜ್ಜ ಕಂಡ ಕೋಡಿಯನ್ನು ಮೊಮ್ಮಗ ಮುದುಕನಾಗುವವರೆಗೆ ಕಾಣಲಿಲ್ಲವೆಂಬ ಸಂಗತಿಯನ್ನು ತುಂಬಿದ ಕೆರೆಯ ಚಿತ್ರವೊಂದೇ ಹೇಳಲಾರದು. ಬತ್ತಿದ ಕೆರೆಯ ಚಿತ್ರವೊಂದೇ ಹೇಳಲಾರದು. ಎರಡೂ ಒಂದೇ ಚೌಕಟ್ಟಿನಲ್ಲಿ ಕೂಡಬೇಕು.

ಇದಕ್ಕೆ ಮೊದಲು ಬೇಕಾದುದು ಯಂತ್ರವಲ್ಲ, ಸರಿಯಾದ ನಿಲುವು. ಹಳೆಯ ಚಿತ್ರವನ್ನು ತೆಗೆದವನು ನಿಂತಿದ್ದ ಜಾಗವನ್ನೇ ಹುಡುಕಿ ಹೊಸ ಚಿತ್ರವನ್ನು ತೆಗೆಯಬೇಕು. ನೀರಿನ ಅಂಚು ಬದಲಾಗುತ್ತದೆ, ಗಿಡಮರಗಳು ಬದಲಾಗುತ್ತವೆ. ಬೆಟ್ಟದ ಸಾಲು ಬದಲಾಗುವುದಿಲ್ಲ. ಎರಡು ಚಿತ್ರಗಳಲ್ಲಿಯೂ ಬೆಟ್ಟದ ನೆತ್ತಿ ಮತ್ತು ಕಟ್ಟೆಯ ಅಂಚು ಒಂದರ ಮೇಲೊಂದು ಕೂಡುವಂತೆ ಮೇಲಿನ ಪದರವನ್ನು ಹಿಗ್ಗಿಸಿ, ಕುಗ್ಗಿಸಿ, ಕೊಂಚ ತಿರುಗಿಸಿ ಹೊಂದಿಸಬೇಕು. ಹೀಗೆ ಹೊಂದಿಸುವಾಗ ಮೇಲಿನ ಪದರವನ್ನು ಅರೆಪಾರದರ್ಶಕ ಮಾಡಿಕೊಂಡರೆ ಕೆಳಗಿನದು ಕಾಣುತ್ತದೆ.

ಪಾರದರ್ಶಕತೆಯ ಲೆಕ್ಕದಲ್ಲಿ ಹೊಸಬರು ಎಡವುವುದು ಸಾಮಾನ್ಯ. ಮೂರು ಕಾಲದ ಮೂರು ಚಿತ್ರಗಳು ಸಮನಾಗಿ ಕಾಣಲೆಂದು ಮೇಲಿನ ಎರಡಕ್ಕೂ ನೂರಕ್ಕೆ 50ರಷ್ಟು ಗಾಢತೆಯನ್ನು ಕೊಡುತ್ತಾರೆ. ಆದರೆ ಎಲ್ಲಕ್ಕಿಂತ ಮೇಲಿನದು ಅರ್ಧಪಾಲನ್ನು ತಾನೇ ಹಿಡಿದುಕೊಳ್ಳುತ್ತದೆ. ಉಳಿದರ್ಧದಲ್ಲಿ ಅರ್ಧವನ್ನು ನಡುವಿನದು ಪಡೆಯುತ್ತದೆ. ತಳದ ಚಿತ್ರಕ್ಕೆ ಕಾಲುಪಾಲು ಮಾತ್ರ ಮಿಗುತ್ತದೆ. ಸಮಪಾಲು ಬೇಕಾದರೆ ತಳದ ಪದರಕ್ಕೆ 100, ನಡುವಿನದಕ್ಕೆ 50, ಮೇಲಿನದಕ್ಕೆ 33 ಎಂದು ಕೊಡಬೇಕು. ಮೇಲಿನದು ಮೂರನೆಯ ಒಂದು ಪಾಲನ್ನು ತೆಗೆದುಕೊಂಡರೆ ಉಳಿದೆರಡು ಪಾಲುಗಳನ್ನು ಕೆಳಗಿನ ಎರಡು ಸಮನಾಗಿ ಹಂಚಿಕೊಳ್ಳುತ್ತವೆ. ಕೂಡುಕುಟುಂಬದ ಆಸ್ತಿ ಹಂಚಿಕೆಯನ್ನು ಬಲ್ಲವರಿಗೆ ಇದು ಕಷ್ಟವಲ್ಲ.

ಆದರೂ ಸಮನಾಗಿ ಬೆರೆತ ಚಿತ್ರಗಳು ಬಹುಮಟ್ಟಿಗೆ ಕಲಸುಮೇಲೋಗರವಾಗಿಯೇ ಕಾಣುತ್ತವೆ. ಮಾರಿ ಕಣಿವೆಯ ಚಿತ್ರಕ್ಕೆ ಮುಸುಕೇ ಮೇಲು. ಬತ್ತಿದ ತಳವನ್ನು ಎಡಭಾಗದಲ್ಲಿ ಪೂರ್ಣವಾಗಿ ಉಳಿಸಿ, ತುಂಬಿದ ನೀರನ್ನು ಬಲದಿಂದ ನಡುವಿನವರೆಗೆ ತಂದು ಮೆಲ್ಲನೆ ಕರಗಿಸಿದರೆ, ಒಂದೇ ಬೆಟ್ಟದ ಸಾಲಿನ ಕೆಳಗೆ ಬರವೂ ಸಮೃದ್ಧಿಯೂ ಕೂಡಿ ಕಾಣುತ್ತವೆ.

ಹೊಳಲ್ಕೆರೆಯ ಬಯಲು ಗಣಪತಿಯದು ಬೇರೆಯೇ ಬಗೆಯ ಸಮಸ್ಯೆ. ಆ ಮೂರ್ತಿಯ ಬೆನ್ನ ಮೇಲೆ ಹೆಣೆದ ಜಡೆಯಿದೆ. ಮುಂದೆ ನಿಂತು ಕೈಮುಗಿದವನು ಜಡೆಯನ್ನು ಕಾಣನು. ಇಲ್ಲಿ ಮುಂಭಾಗ ಮತ್ತು ಹಿಂಭಾಗಗಳನ್ನು ಒಂದರ ಮೇಲೊಂದು ಬೆರೆಸುವುದು ತಪ್ಪು; ಮುಖದ ಮೇಲೆ ಜಡೆ ಮೂಡಿ ಚಿತ್ರವು ನಗೆಪಾಟಲಾಗುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿ ಒಂದೇ ಅಳತೆಯಲ್ಲಿರಿಸಿ, ನಡುವೆ ತೆಳುವಾದ ಅಂಚು ಬಿಡುವುದು ಲೇಸು. ಪದರಗಳಿವೆಯೆಂದ ಮಾತ್ರಕ್ಕೆ ಎಲ್ಲವನ್ನೂ ಬೆರೆಸಲೇಬೇಕೆಂಬ ನಿಯಮವೇನೂ ಇಲ್ಲ.

ಬೆಳಕಿನ ದಿಕ್ಕನ್ನು ಮರೆಯುವಂತಿಲ್ಲ. ಹೊಸದುರ್ಗದ ತೆಂಗಿನ ತೋಟವನ್ನು ಬೆಳಿಗ್ಗೆ ತೆಗೆದು, ಹಿರಿಯೂರಿನ ತೇರುಮಲ್ಲೇಶ್ವರನ ರಥವನ್ನು ಸಂಜೆ ತೆಗೆದು ಎರಡನ್ನೂ ಸೇರಿಸಿದರೆ ನೆರಳುಗಳು ಒಂದಕ್ಕೊಂದು ಎದುರಾಗಿ ಬೀಳುತ್ತವೆ. ನೋಡುವವನಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲವೆಂಬ ಅಳುಕು ಹುಟ್ಟುತ್ತದೆ. ಅಳತೆಯ ವಿಷಯದಲ್ಲಿಯೂ ಒಂದು ಮಾತು: ಸಾಮಾನ್ಯ ಪೂರ್ಣ ಎಚ್‌ಡಿ ಪ್ರೊಜೆಕ್ಟರು ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಬಿಂದುಗಳನ್ನು ಮಾತ್ರ ತೋರಿಸಬಲ್ಲುದು. ಕೈಫೋನಿನ ಚಿತ್ರದಲ್ಲಿ ಒಂದು ಕೋಟಿಗೂ ಮಿಕ್ಕಿದ ಬಿಂದುಗಳಿದ್ದರೂ ಪರದೆಯ ಮೇಲೆ ಅವು ಬೀಳವು. ಆದುದರಿಂದ ಒಂದು ಸ್ಲೈಡಿನಲ್ಲಿ ಹತ್ತು ಚಿತ್ರಗಳನ್ನು ತುರುಕುವುದಕ್ಕಿಂತ ಮೂರನ್ನು ಇರಿಸುವುದೇ ಲೇಸು.

ಇಷ್ಟೆಲ್ಲ ಕೌಶಲ ಕೈಗೂಡಿದ ಮೇಲೆ ಏಳುವ ಪ್ರಶ್ನೆ ಕೌಶಲದ್ದಲ್ಲ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಮುಖಪುಟಕ್ಕೆ ಹೊಂದಿಸಲೆಂದು ಈಜಿಪ್ಟಿನ ಎರಡು ಪಿರಮಿಡ್ಡುಗಳನ್ನು ಗಣಕಯಂತ್ರದಿಂದ ಹತ್ತಿರಕ್ಕೆ ಸರಿಸಿತು. ಯಾರ ಮೇಲೂ ಸುಳ್ಳು ಹೇಳುವ ಉದ್ದೇಶ ಅದಕ್ಕಿರಲಿಲ್ಲ; ಆದರೂ ಟೀಕೆ ವರ್ಷಗಟ್ಟಲೆ ನಡೆಯಿತು. ಅಂತಹುದೇ ಆಸೆ ಚಿತ್ರದುರ್ಗದಲ್ಲಿಯೂ ಹುಟ್ಟಬಹುದು. ಕೋಟೆಯ ಮೇಲಿನಿಂದ ನೋಡಿದರೆ ದೂರದ ಬೆಟ್ಟಗಳ ಮೇಲೆ ಗಾಳಿಯಂತ್ರಗಳ ಬಿಳಿಯ ಕಂಬಗಳು ಕಾಣುತ್ತವೆ. ಮದಕರಿ ನಾಯಕನ ಕಾಲದ ನೋಟ ಬೇಕೆಂದು ಅವುಗಳನ್ನು ಅಳಿಸಿಹಾಕುವುದು ಒಂದು ನಿಮಿಷದ ಕೆಲಸ. ನಾಟಕದ ಹಿನ್ನೆಲೆಗಾಗಿ ಹಾಗೆ ಮಾಡಿದರೆ ದೋಷವಿಲ್ಲ. ಚಿತ್ರದುರ್ಗ ಹೀಗಿದೆಯೆಂದು ತೋರಿಸುವ ಪಾಠದಲ್ಲಿ ಮಾಡಿದರೆ, ಅದೇ ಬೆಟ್ಟದ ತಪ್ಪಲಲ್ಲಿ ಬಾಳುವ ಜನರ ಇಂದಿನ ದಿನಗಳನ್ನೇ ಅಳಿಸಿದಂತಾಗುತ್ತದೆ. ಏಳು ಸುತ್ತುಗಳನ್ನು ಒಂದೇ ನೋಟಕ್ಕೆ ತಂದ ಚಿತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಅಂತಹ ನೋಟವನ್ನು ಯಾವ ಬತೇರಿಯ ಮೇಲೆ ನಿಂತರೂ ಕಾಣಲಾಗದು. ಆದ್ದರಿಂದ ಸ್ಲೈಡಿನ ಕೆಳಗೆ ಇದು ಎಷ್ಟು ಚಿತ್ರಗಳ ಜೋಡಣೆ, ಯಾವ ಯಾವ ಸ್ಥಳದಿಂದ, ಯಾವ ವರ್ಷ ತೆಗೆದುದು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು. ಮಾರಿ ಕಣಿವೆಯ ಚಿತ್ರದಲ್ಲಿ ಎಡಕ್ಕೊಂದು ವರ್ಷ, ಬಲಕ್ಕೊಂದು ವರ್ಷ ಬರೆದರೆ ಸಾಕು. ಹಾಗೆ ಬರೆದುದರಿಂದ ಚಿತ್ರದ ಸೊಬಗು ಕುಂದುವುದಿಲ್ಲ. ನೋಡುವವರು ಇನ್ನೊಮ್ಮೆ ತಲೆಯೆತ್ತಿ ನೋಡುತ್ತಾರೆ.

ಕೆಲಸ ಮುಗಿದಾಗ ಎರಡು ಕಡತಗಳನ್ನು ಉಳಿಸಿಕೊಳ್ಳಬೇಕು. ಸ್ಲೈಡಿಗೆ ಹೋಗುವ ಜೆಪೆಗ್ ಕಡತದಲ್ಲಿ ಪದರಗಳೆಲ್ಲ ಕೂಡಿ ಒಂದೇ ಹಾಳೆಯಾಗಿರುತ್ತವೆ. ಅವುಗಳನ್ನು ಮತ್ತೆ ಬಿಡಿಸಲು ಬಾರದು. ಪದರಗಳನ್ನು ಹಾಗೆಯೇ ಉಳಿಸಿದ ಇನ್ನೊಂದು ಕಡತದಲ್ಲಿ ಪ್ರತಿ ಪದರಕ್ಕೂ ಊರು ಮತ್ತು ವರ್ಷದ ಹೆಸರನ್ನಿಟ್ಟಿದ್ದರೆ, ಮುಂದೊಂದು ದಿನ ಯಾರಾದರೂ ಅದನ್ನು ತೆರೆದು, ಮೇಲಿನ ಪದರಗಳನ್ನು ಒಂದೊಂದಾಗಿ ಮರೆಮಾಡುತ್ತ ಹೋಗಿ, ತಳದಲ್ಲಿರುವ ಬತ್ತಿದ ಕೆರೆಯನ್ನು ಅದು ಇದ್ದಂತೆಯೇ ನೋಡಬಹುದು.