ದಿನವೂ ರೈಲೋ, ಬೆಂಗಳೂರಲ್ಲೇ ಬಾಡಿಗೆ ಮನೆಯೋ?



ಬಿದರೆಹಳ್ಳ ಕಾವಲ್‌ನಿಂದ ಬೆಂಗಳೂರಿನ ಕೆಲಸಕ್ಕೆ ದಿನವೂ ಓಡಾಡಬಹುದೇ ಎಂದು ಕೇಳಿದ್ದೀರಿ. ತುಮಕೂರಿನವರು ಹೋಗಿಬರುತ್ತಾರೆ, ನಿಜ. ಅವರಿಗದು ಸುಮಾರು 70 ಕಿ.ಮೀ. ದಾರಿ. ನಿಮಗೆ ಊರಿಂದ ಗುಬ್ಬಿ ಸ್ಟೇಷನ್ನು, ಅಲ್ಲಿಂದ ತುಮಕೂರು, ಆಮೇಲೆ ಯಶವಂತಪುರ, ಮತ್ತೆ ಮೆಟ್ರೊ ಅಥವಾ ಬಸ್ಸು. ಗಂಟೆಗಳನ್ನು ಆಫೀಸಿನ ಬಾಗಿಲವರೆಗೂ ಲೆಕ್ಕ ಹಾಕಿ. ಕಚೇರಿ ಯಶವಂತಪುರ, ಪೀಣ್ಯ, ಮಲ್ಲೇಶ್ವರದ ಕಡೆಯಿದ್ದರೆ ಯೋಚಿಸಬಹುದು. ವೈಟ್‌ಫೀಲ್ಡ್‌ ಆದರೆ ಬೇಡವೇ ಬೇಡ ಎನ್ನುತ್ತೇನೆ.

ದುಡ್ಡಿನ ಮಟ್ಟಿಗೆ ರೈಲಿನ ಪಾಸು ಬಾಡಿಗೆಗಿಂತ ಎಷ್ಟೋ ಅಗ್ಗ. ಮೂರು ತಿಂಗಳದ್ದು ತೆಗೆದುಕೊಂಡರೆ ಇನ್ನೂ ಉಳಿತಾಯ. ಆದರೆ ಪಾಸಿದ್ದರೆ ಸೀಟು ಸಿಗುತ್ತದೆಂದಲ್ಲ, ಎಲ್ಲ ರೈಲಿಗೂ ಅದು ನಡೆಯುವುದಿಲ್ಲ.

ನನ್ನನ್ನು ಕಾಡುತ್ತಿರುವುದು ನಿಮ್ಮ ನಾಲ್ಕು ವರ್ಷದ ಮಗು. ನೀವು ಹೊರಡುವಾಗಲೂ ಮರಳುವಾಗಲೂ ಅದು ಮಲಗಿರುತ್ತದೆ. ಅತ್ತೆಯವರು ನೋಡಿಕೊಳ್ಳುತ್ತಾರೆ, ಸರಿ. ಅವರಿಗೂ ಮಂಡಿನೋವು ಎಂದು ನೀವೇ ಬರೆದಿದ್ದೀರಿ. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಕೊಡುವಿರಾ ಎಂದು, ಸೇರುವ ಮೊದಲೇ ಕಚೇರಿಯವರನ್ನು ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ತುಮಕೂರಿನಲ್ಲಿ ಮನೆ ಮಾಡಿ, ಗುಬ್ಬಿಯ ಕೊಂಡಿ ತಪ್ಪುತ್ತದೆ. ಜೊತೆಗೆ, ನಿಮ್ಮೂರಲ್ಲೇ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆಯಲ್ಲ, ಅಲ್ಲಿನ ನೇಮಕಾತಿ ಪ್ರಕಟಣೆಗಳ ಮೇಲೂ ಕಣ್ಣಿಡಿ. ಬೆಂಗಳೂರಿಗೆ ಉತ್ತರ ಕೊಡುವ ಮುನ್ನ ಒಂದು ಸೋಮವಾರ ಕೆಲಸಕ್ಕೆ ಹೊರಡಬೇಕಾದ ಹೊತ್ತಿಗೇ ಹೋಗಿ ಬನ್ನಿ, ಯಜಮಾನರನ್ನೂ ಕರೆದುಕೊಂಡು.