ಉಣ್ಣಲಾರದ ಕೂಸಿಗೆ ಮನೆಯಲ್ಲೇ ಅಭ್ಯಾಸ



ಬೀಜ, ಬದು, ಗೊಬ್ಬರಗಳ ವಿಷಯ ಬರೆಯುವವನು ಕೂಸಿನ ಊಟದ ವಿಷಯಕ್ಕೆ ಏಕೆ ಬಂದನೆಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ಕಡಲೆಕಾಯಿ ಬಿತ್ತನೆ ಬೀಜ ನೋಡಲು ಮಧುಗಿರಿ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ಅಜ್ಜಿ ಕಾಲು ನೀಡಿ ಕುಳಿತು, 14 ತಿಂಗಳ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಿಂದ ರಾಗಿ ಸರಿ ಹೊಯ್ಯುತ್ತಿದ್ದರು. ಕೂಸು ಕೆಮ್ಮುತ್ತಿತ್ತು, ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುತ್ತಿತ್ತು. ಒಂದು ಹೊತ್ತಿನ ಊಟಕ್ಕೆ ಒಂದು ಗಂಟೆ. ಅರ್ಧ ಹೊಟ್ಟೆಗೆ, ಅರ್ಧ ಸೀರೆಗೆ. ಮೂರು ತಿಂಗಳಿಂದ ತೂಕ ಏರಿರಲಿಲ್ಲ. ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿತ್ತು. "ಬಲು ಹಟಮಾರಿ" ಎಂದರು ಅಜ್ಜಿ. ನಾನೂ ತಿಳಿದವನಂತೆ, "ಇನ್ನಷ್ಟು ತೆಳ್ಳಗೆ ಮಾಡಿ ಕುಡಿಸಿ" ಎಂದು ಹೇಳಿ ಬಂದೆ. ಅದು ಶುದ್ಧ ತಪ್ಪು ಸಲಹೆ. ಮುಂದೆ ಆ ಕೂಸನ್ನು ಬಲ್ಲವರಿಗೆ ತೋರಿಸಿದಾಗ ನಾನೂ ಜೊತೆಗಿದ್ದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮಗೆ ತಿಳಿದ ಮಾತಿನಿಂದಲೇ ಪ್ರಾರಂಭಿಸೋಣ. ದನಕ್ಕೆ ಗೊಟ್ಟದಲ್ಲಿ ಔಷಧ ಹಾಕುವಾಗ ಮೂತಿಯನ್ನು ಅತಿಯಾಗಿ ಮೇಲೆತ್ತುವುದಿಲ್ಲ, ನಾಲಿಗೆ ಹಿಡಿದೆಳೆಯುವುದಿಲ್ಲ. ಕೆಮ್ಮಿತೆಂದರೆ ತಕ್ಷಣ ತಲೆ ಬಿಟ್ಟುಬಿಡುತ್ತೇವೆ. ತಪ್ಪಿದರೆ ಔಷಧ ಶ್ವಾಸಕ್ಕೆ ಹೋಗಿ ದನ ಸಾಯುವುದುಂಟು. ಸಿರಾ, ಪಾವಗಡದ ಕಡೆ ಕುರಿ ಸಾಕುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೂಸಿನ ಗಂಟಲೂ ಹಾಗೆಯೇ. ಅನ್ನದ ದಾರಿ, ಉಸಿರಿನ ದಾರಿ ಎರಡೂ ಅಲ್ಲಿ ಅಕ್ಕಪಕ್ಕದಲ್ಲಿವೆ. ತಲೆ ಹಿಂದಕ್ಕೆ ವಾಲಿದಾಗ ಉಸಿರಿನ ದಾರಿ ತೆರೆದೇ ಉಳಿದು, ಸರಿ ಅಲ್ಲಿಗೆ ಜಾರುತ್ತದೆ. ಮೇಲಿಂದ ಮೇಲೆ ಬರುವ ಎದೆ ಕಫಕ್ಕೆ ಇದೂ ಒಂದು ಕಾರಣ. ದನಕ್ಕೆ ತೋರಿಸುವ ಎಚ್ಚರಿಕೆಯನ್ನು ಕೂಸಿಗೆ ತೋರಿಸದೆ ಇದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಇಂಥ ಅಭ್ಯಾಸ ಕಲಿಸುವ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಎಂಬವರು ಆರಂಭಿಸಿದರು. ಉದ್ಯೋಗವೆಂದರೆ ಇಲ್ಲಿ ಕೂಲಿಯಲ್ಲ, ದಿನದ ಕೆಲಸ. ಉಣ್ಣುವುದು, ಆಡುವುದು ಇವೇ ಕೂಸಿನ ಕೆಲಸ.

ಮೊದಲು ಕೂರಿಸುವ ಕ್ರಮ. ಬೆನ್ನು ನೆಟ್ಟಗಿರಬೇಕು, ಸೊಂಟ, ಮೊಣಕಾಲು, ಹರಡು ಮೂರೂ ಬಡಗಿಯ ಮೂಲೆಮಟ್ಟದಂತೆ ಬಾಗಿರಬೇಕು, ಪಾದಕ್ಕೆ ಆಧಾರ ಬೇಕು. ಪೇಟೆಯ ಕುರ್ಚಿ ಬೇಕಿಲ್ಲ. ಟೊಮೇಟೊ ಹಣ್ಣಿನ ಮರದ ಪೆಟ್ಟಿಗೆಯ ಮುಂಬದಿ ತೆಗೆದು, ಮೊಳೆ ಬಡಿದು, ಎರಡು ಮಗ್ಗುಲಿಗೂ ಹಳೆ ಪಂಚೆ ಸುರುಳಿ ಸುತ್ತಿಟ್ಟು, ಪಾದದ ಕೆಳಗೆ ಒಂದು ಇಟ್ಟಿಗೆ ಇಟ್ಟರೆ ಸಾಕು. ಗದ್ದ ತುಸು ಎದೆಯ ಕಡೆಗೆ ಬಾಗಿರಲಿ. ಇದಕ್ಕಾಗಿ ಉಣಿಸುವವರು ಕೂಸಿನ ಎದುರಿಗೆ, ಅದರ ಕಣ್ಣಿನ ಮಟ್ಟದಲ್ಲೇ ಕೂರಬೇಕು. ನಿಂತು ಉಣಿಸಿದರೆ ಕೂಸು ಮೇಲೆ ನೋಡುತ್ತದೆ, ತಲೆ ಮತ್ತೆ ಹಿಂದಕ್ಕೆ ಹೋಗುತ್ತದೆ.

ಚಮಚ ಸಣ್ಣದಾಗಿ, ಚಪ್ಪಟೆಯಾಗಿರಲಿ. ಅದನ್ನು ಎದುರಿನಿಂದ ತಂದು ನಾಲಿಗೆಯ ನಡುವೆ ಮೆಲ್ಲನೆ ಒತ್ತಿ, ಕೂಸು ತುಟಿ ಮುಚ್ಚುವವರೆಗೆ ಕಾಯಬೇಕು. ಮೇಲ್ದುಟಿಗೆ ಬಳಿದು ಎಳೆಯಬಾರದು. ನುಂಗಿದ್ದು ಕಂಡ ಮೇಲೆಯೇ ಮುಂದಿನ ತುತ್ತು. ಅರ್ಧ ಗಂಟೆಗೆ ಊಟ ಮುಗಿಸಿ. ಆಮೇಲೆ ಕೂಸಿಗೆ ದಣಿವು. ಉಳಿದದ್ದನ್ನು ಇನ್ನೊಂದು ಹೊತ್ತಿಗೆ ಹೊಸದಾಗಿ ಮಾಡಿ ಕೊಡಿ. ಮೂಗು ಹಿಡಿದು, ಅಳುವಾಗ ಬಾಯಿಗೆ ಸುರಿಯುವ ಪದ್ಧತಿಯನ್ನು ಇಂದೇ ಬಿಡತಕ್ಕದ್ದು.

ಸರಿಯ ಹದದ ವಿಷಯ ನಮ್ಮ ಕೈಯಲ್ಲೇ ಇದೆ. ತೆಳ್ಳಗಿನದು ಬೇಗ ಓಡುತ್ತದೆ. ನಾಲಿಗೆ ನಿಧಾನವಾದ ಕೂಸಿಗೆ ಅದನ್ನು ತಡೆಯಲಾಗದು. ಚಮಚ ಓರೆ ಮಾಡಿದರೆ ಧಾರೆಯಾಗದೆ ಗಟ್ಟಿಯಾಗಿ ಬೀಳುವ, ಗಂಟಿಲ್ಲದ ಸರಿ ಇಂಥ ಕೂಸಿಗೆ ಸಾಮಾನ್ಯವಾಗಿ ಅನುಕೂಲ. ಎಷ್ಟು ಗಟ್ಟಿ ಎಂಬುದನ್ನು ಬಲ್ಲವರೇ ನೋಡಿ ಹೇಳಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಬೇಯುವಾಗ ತನ್ನ ಪಿಷ್ಟವನ್ನು ತಾನೇ ಒಡೆದುಕೊಂಡು ತೆಳ್ಳಗಾಗುತ್ತದೆ. ಚೆನ್ನಾಗಿ ನುಂಗುವ ಮಗುವಿಗೆ ಅದು ಬಹಳ ಒಳ್ಳೆಯದು; ಕಡಿಮೆ ನೀರಿನಲ್ಲಿ ಹೆಚ್ಚು ಹಿಟ್ಟು ಹೊಟ್ಟೆಗೆ ಹೋಗುತ್ತದೆ. ಕೆಮ್ಮುವ ಕೂಸಿಗೆ ಮಾತ್ರ ಮೊಳಕೆಯಿಲ್ಲದ ರಾಗಿ ಹಿಟ್ಟೇ ಹದ ಹಿಡಿಯುತ್ತದೆ. ಎರಡಕ್ಕೂ ಒಂದು ಚಮಚ ತುಪ್ಪ ಅಥವಾ ಕಡಲೆಕಾಯಿ ಎಣ್ಣೆ ಸೇರಿಸಿದರೆ ಬಲ ಹೆಚ್ಚು.

ಕೆಲವು ಕೂಸುಗಳಿಗೆ ನುಂಗಲು ಬರುತ್ತದೆ, ಆದರೆ ಗರಿಗರಿ, ಅಂಟು ಯಾವುದೂ ಬಾಯಿಗೆ ತಾಕಬಾರದು. ಅಂಥವಕ್ಕೆ ಊಟದ ವೇಳೆಯಲ್ಲದೆ ಬೇರೆ ಹೊತ್ತಿನಲ್ಲಿ ಆಟ ಕಟ್ಟಿ. ಹಿಟ್ಟಿನ ಉಂಡೆ, ಮೊಸರು, ಬೇಯಿಸಿದ ಗೆಣಸು ತಟ್ಟೆಯಲ್ಲಿಟ್ಟು ಕೈ ಆಡಿಸಲು ಬಿಡಿ. ಇಂದು ಕೈಗೆ, ಇನ್ನೊಂದು ವಾರಕ್ಕೆ ಕೆನ್ನೆಗೆ, ಆಮೇಲೆ ತುಟಿಗೆ. ಚೆಲ್ಲಿದರೆ ಬೈಯಬೇಡಿ, ಕೋಳಿಗಳು ತಿನ್ನುತ್ತವೆ.

ಆ ಮನೆಯ ಕೂಸು ಮೊದಲ ವಾರ ನಾಲ್ಕು ಚಮಚಕ್ಕಿಂತ ಹೆಚ್ಚು ತಿನ್ನಲಿಲ್ಲ. ಅಜ್ಜಿ ನನ್ನ ಮೇಲೆ ಸಿಟ್ಟಾಗಿದ್ದರು. ಎರಡನೆಯ ತಿಂಗಳಿಗೆ ಅಂಗನವಾಡಿಯ ತಕ್ಕಡಿ 300 ಗ್ರಾಂ ಹೆಚ್ಚು ತೋರಿಸಿತು. ಇನ್ನೂ ರೊಟ್ಟಿ ಅಗಿಯುವುದಿಲ್ಲ. ಅದಕ್ಕೆ ಕಾಲ ಬೇಕು.

ಉಣ್ಣುವಾಗ ತುಟಿ ನೀಲಿಯಾದರೆ, ಉಂಡ ಮೇಲೆ ಉಸಿರು ಗೊರಗೊರ ಎಂದರೆ, ಜ್ವರ ಕಫ ಮರುಕಳಿಸಿದರೆ, ತೂಕ ಇಳಿದರೆ ಮನೆಯ ಅಭ್ಯಾಸವನ್ನು ನೆಚ್ಚಿ ಕೂರದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದದ್ದು; ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುವ ಕ್ರಮವಿದೆ. ಆ ದಿನ ಕೂಸನ್ನು ಮನೆಯಲ್ಲಿ ಬಚ್ಚಿಡಬೇಡಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನೂ ಪರೀಕ್ಷಿಸುತ್ತಾರೆ. ಹೋಗುವಾಗ ತಾಯಿ ಕಾರ್ಡು, ಮನೆಯಲ್ಲಿ ಬಳಸುವ ಚಮಚ, ಒಂದು ಡಬ್ಬಿ ಸರಿ ಒಯ್ಯಿರಿ. ಉಣಿಸುವುದನ್ನು ಕಣ್ಣಾರೆ ನೋಡಿದರೆ ಅವರಿಗೆ ಬೇಗ ತಿಳಿಯುತ್ತದೆ.

ಈಗ ಅಂಗಳದಲ್ಲೆಲ್ಲ ಕಡಲೆಕಾಯಿ ಒಣಗುವ ಕಾಲ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಬೀಜ ಸಿಗದಂತೆ ನೋಡಿಕೊಳ್ಳಿ. ಕೊಡುವುದಾದರೆ ಹುರಿದು, ನುಣ್ಣಗೆ ಅರೆದು, ಸರಿಯಲ್ಲಿ ಕಲಸಿ ಕೊಡಿ.